ಮುಟ್ಟದೆ ಇಟ್ಟ ತಂಬಿಗೆ

ಬೋರ್‌ವೆಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತರೆ ಎಂಜಿನಿಯರ್ ಕಾಕಾರ ಮೊಣಕಾಲು ಲಟಕ್ಕನ್ನುತ್ತಿದ್ದವು. ಏಳುವಾಗ ಮತ್ತೊಮ್ಮೆ. "ಯವ್ವಾ, ಸಾಕಾತು" ಅಂತ ಒಂದು ನಿಟ್ಟುಸಿರು. ಹೆಗಲ ಚೀಲದಲ್ಲಿ ಅವರೇ ಕಟ್ಟಿದ ಯಂತ್ರ: ಸಣ್ಣ ಸ್ಟೀಲ್ ಕೊಳವೆ, ಸುತ್ತಿಟ್ಟ ವೈರು, ಅಂಗೈಯಗಲದ ಮೀಟರು. ಕೊಳವೆಯನ್ನು ಬೋರಿಗೆ ಇಳಿಬಿಟ್ಟರೆ ಯಾವ ಆಳದ ನೀರಿನಲ್ಲಿ ಹಲ್ಲು, ಕೀಲು ಕೆಡಿಸುವ ಫ್ಲೋರೈಡ್ ಎಷ್ಟಿದೆಯೆಂದು ಮೀಟರು ತೋರಿಸುತ್ತಿತ್ತು. ನಮ್ಮ ಬಿಸಿಲಿಗೆ ಅದು ಆಗಾಗ ಕೆಡುತ್ತಿತ್ತು. ಬಿಚ್ಚುವುದು, ಮತ್ತೆ ಕಟ್ಟುವುದು. ಅವರ ಅರ್ಧ ಆಯುಷ್ಯ ಇದರಲ್ಲೇ ಹೋಯಿತು.

ಅವರು ಅಪ್ಪನ ಗೆಳೆಯರು. ಯಲಬುರ್ಗಾದಲ್ಲಿ ನಮ್ಮ ಪಕ್ಕದ ಮನೆ. ನೌಕರಿ ಮುಗಿದ ಮೇಲೆ ಬಸ್ಸು ಹಿಡಿದು ಬೇವೂರು, ಕುಷ್ಟಗಿ ಅಂತ ಊರೂರು ಸುತ್ತಿದರು. ಯಾರ ಮನೆಗೆ ಹೋದರೂ ಮೊದಲು ಒಂದು ತಂಬಿಗೆ ನೀರು ಬರುತ್ತದಲ್ಲ, ಅದು ಕೆಟ್ಟದ್ದೆಂದು ಗೊತ್ತಿದ್ದರೂ ಗಟಗಟ ಕುಡಿಯುತ್ತಿದ್ದರು.

"ಕುಡೀಲಿಲ್ಲಂದ್ರ ಅವ್ರಿಗೆ ಅವಮಾನ ಆಕ್ಕೈತಿ. ಆಮ್ಯಾಲ ಬೋರಿನ ಹತ್ರ ಬಿಟ್ಕೋತಾರೇನು?" ಎನ್ನುತ್ತಿದ್ದರು. ಆ ಮೊಣಕಾಲಿಗೆ ಎಷ್ಟು ಊರಿನ ನೀರು ಇಳಿದಿತ್ತೋ!

ಅವರಿಗೆ ಅಡ್ಡ ಬಂದದ್ದು ನಮ್ಮ ನಾಲಿಗೆ. ಫ್ಲೋರೈಡಿಗೆ ರುಚಿಯೇ ಇಲ್ಲ. ಸವಳು ನೀರು ಕೆಟ್ಟದ್ದು, ಸಿಹಿನೀರು ಛಲೋ, ಇದು ನಮ್ಮ ಲೆಕ್ಕ. ನಮ್ಮ ಹಿತ್ತಲ ಬೋರಿನ ನೀರಂತೂ ಎಳನೀರು! ಓಣಿಯವರೆಲ್ಲ ಒಯ್ಯುತ್ತಿದ್ದರು, ಅವ್ವನಿಗೆ ಅದೇ ಜಂಬ. ಕಾಕಾ ಅಳತೆ ಮಾಡಿ, "ವೈನಿ, ಇದು ಕುಡಿಯೂದು ಬ್ಯಾಡ್ರಿ. ಕೂಸಿನ ಹಲ್ಲು ಹಾಳಾಕ್ಕಾವು" ಅಂದರು. ನನ್ನ ಮಗಳು ಆಗಿನ್ನೂ ತೊದಲುತ್ತಿದ್ದಳು.

"ನಾಲಿಗಿಗಿಂತ ನಿಮ್ಮ ಮಷೀನು ಶ್ಯಾಣ್ಯಾ ಏನ್ರಿ?" ಎಂದು ಅವ್ವ ನಕ್ಕಳು. ಎಷ್ಟು ಸಲ ಹೇಳಿದರೋ. ಹೇಳಿ ಹೇಳಿ ಅವರಿಗೂ ಸಾಕಾಗಿತ್ತು, ಕೇಳಿ ಕೇಳಿ ನನಗೂ.

ಒಂದು ಮಧ್ಯಾಹ್ನ ಊರು ಸುತ್ತಿ ಸುಸ್ತಾಗಿ ಬಂದರು. ಅವ್ವ ತಂಬಿಗೆ ತುಂಬಿ ಅವರ ಕೈಗಿತ್ತಳು. ಅದೇ ಕೊಡದಿಂದ ಮಗಳ ಲೋಟವನ್ನೂ ತುಂಬಿದಳು. ಕಾಕಾ ಕೂಸಿನ ಮುಖ ನೋಡಿ ತಂಬಿಗೆಯನ್ನು ಹಾಗೇ ಕೆಳಗಿಟ್ಟರು.

"ಭಾಳ ನೀರಡಿಸೈತಿ ವೈನಿ. ಆದ್ರ ಇದನ್ನ ನಾ ಕುಡಿಯಂಗಿಲ್ಲ."

ಚೀಲ ಎತ್ತಿಕೊಂಡು ಹೊರಟುಹೋದರು.

"ಊರ ಮಂದಿ ಮನಿ ನೀರೆಲ್ಲ ಕುಡೀತಾರ, ನಮ್ಮನಿ ನೀರು ಮುಟ್ಟಲಿಲ್ಲ!" ಅವ್ವ ಅತ್ತಳು, ಬೈದಳು. ಸಂಜೆ ನೋಡಿದರೆ ನೀರು ಚೆಲ್ಲಿ ಕೊಡ ಬೋರಲು ಹಾಕಿದ್ದಳು. "ಬಂದವ್ರು ಮುಟ್ಟದ ನೀರು ನನ್ನ ಮೊಮ್ಮಗಳಿಗ್ಯಾಕ?" ಅಂದಳು. ಮರುದಿನದಿಂದ ಶುದ್ಧ ನೀರಿನ ಘಟಕದ ಮುಂದೆ ಪಾಳಿ ಹಚ್ಚಿದಳು. ಕಾಕಾರ ಜೊತೆ ಮಾತ್ರ ಮಾತು ಬಿಟ್ಟಳು.

ವರ್ಷಗಳಾದ ಮೇಲೆ ಕಾಕಾ ಹಾಸಿಗೆ ಹಿಡಿದರು. ಅವ್ವ ಅದೇ ತಂಬಿಗೆ ತುಂಬಿಕೊಂಡು ಹೋಗಿ ಮಂಚದ ಪಕ್ಕ ನಿಂತಳು.

"ಘಟಕದ ನೀರೈತ್ರಿ. ಬೇಕಂದ್ರ ಅಳತಿ ಮಾಡಿ ಕುಡೀರಿ."

ಕಾಕಾ ನಕ್ಕರು. "ಕೊಡ್ರಿ ವೈನಿ" ಅಂತ ಬಾಯಿ ತೆರೆದರು. ಅವ್ವ ಗುಟುಕು ಗುಟುಕಾಗಿ ಕುಡಿಸಿದಳು.

ಆಮೇಲೆ ಅವರು ಬಹಳ ದಿನ ಉಳಿಯಲಿಲ್ಲ. ಯಂತ್ರ ಈಗ ನಮ್ಮ ಮನೆಯಲ್ಲಿದೆ. ಮೀಟರು ಕೆಟ್ಟಿದೆ, ಬಿಚ್ಚಿ ಕಟ್ಟುವವರಿಲ್ಲ. ಮಗಳು ಬಾಯಿತುಂಬ ನಕ್ಕಾಗ ಅವಳ ಬಿಳಿ ಹಲ್ಲು ನೋಡುತ್ತೇನೆ. ಆ ಮಧ್ಯಾಹ್ನ ನೀರಡಿಸಿ ಬಂದು ನೀರಡಿಸಿಯೇ ಎದ್ದುಹೋದ ಕಾಕಾ ನೆನಪಾಗುತ್ತಾರೆ.