ಐಸ್ ಇಲ್ಲದ ಬಂಗುಡೆ

೨೦೨೨ರಲ್ಲಿ ನನಗೆ ಐವತ್ಮೂರು ವರ್ಷ. ಹೈಸ್ಕೂಲಿನಲ್ಲಿ ಕನ್ನಡ ಬೋಧಿಸುವುದನ್ನು ಅವಧಿಗೆ ಮೊದಲೇ ಬಿಟ್ಟು, ಹಾನುಬಾಳಿನ ಬಳಿ ನಮ್ಮ ಪಾಲಿಗೆ ಬಂದಿದ್ದ ಸಣ್ಣ ಕಾಫಿ ತೋಟವನ್ನು ನೋಡಿಕೊಳ್ಳುತ್ತಿದ್ದೆ. ಆ ಬೇಸಿಗೆಯ ಒಂದು ಭಾನುವಾರ, ಬಂಗುಡೆ ಸಾರು ಉಂಡ ಸ್ವಲ್ಪ ಹೊತ್ತಿಗೇ ನನ್ನ ಹೆಂಡತಿಯ ಮುಖವೂ ಕತ್ತೂ ಕೆಂಡದಂತೆ ಕೆಂಪೇರಿದವು. ಮೊದಲೇ ಉಬ್ಬಸವಿದ್ದ ಅವಳಿಗೆ ಉಸಿರು ಕಟ್ಟಿತು. ಅದೇ ಸಾರು ಉಂಡ ನನಗೆ ತುಟಿ ಉರಿದು ಮೈ ಕಡಿದದ್ದಷ್ಟೆ. ಸಕಲೇಶಪುರ ಮುಟ್ಟುವವರೆಗೆ ಜೀಪಿನಲ್ಲಿ ಅವಳು ನನ್ನ ಮಣಿಕಟ್ಟನ್ನು ಬಿಡಲಿಲ್ಲ.

ಅವಳು ಚೇತರಿಸಿಕೊಂಡ ಮೇಲೆ ವೈದ್ಯರು ವಿವರಿಸಿದರು: ತಂಪಿಲ್ಲದೆ ಇಟ್ಟ ಬಂಗುಡೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಒಂದು ಬಗೆಯ ವಿಷವನ್ನು ಹುಟ್ಟಿಸುತ್ತವೆ, ಕುದಿಸಿದಾಗ ಅವು ಸಾಯುತ್ತವೆ, ವಿಷ ಉಳಿಯುತ್ತದೆ. "ದೋಷ ಇವರ ಮೈಯದಲ್ಲ, ಮೀನಿನದು. ಐಸಿನಲ್ಲಿಟ್ಟದ್ದನ್ನು ಧಾರಾಳವಾಗಿ ತಿನ್ನಲಿ" ಎಂದರು. ಆ ಮಾತನ್ನು ಹೆಂಡತಿ ಅವರಿಂದ ಮತ್ತೊಮ್ಮೆ ಹೇಳಿಸಿಕೊಂಡಳು.

ಮುಂದಿನ ಭಾನುವಾರ ನಾನು ಮೀನಿನವನ ಪಿಕಪ್ ಗಾಡಿಯ ಮುಂದೆ ನಿಂತು, ಐಸ್ ಎಲ್ಲಿ ಎಂದು ಕೇಳಿದೆ.

"ಘಾಟಿ ಹತ್ತಿದ್ಮೇಲೆ ಮಾರನಹಳ್ಳಿ ತಾವ ಸುರ್ದುಬುಟ್ಟೆ ಮೇಷ್ಟ್ರೇ. ಐಸ್ ಕಂಡ್ರೆ ನಿಮ್ಮೋರು ಮುಟ್ಟಲ್ಲ ಕಣ್ರೀ, ವಾರದ ಮೀನು ಅಂತಾರೆ. ಹಳ್ಳದ ನೀರು ಎರಚ್ಕಂಡು ಬಂದ್ರೆ ಈಗ ಹಿಡ್ದಂಗೆ ಹೊಳಿತೈತೆ."

ಅವನು ಸುಳ್ಳಾಡಲಿಲ್ಲ. ಐಸಿನ ಮೀನು ಹಳಸಲು, ಬರಿಯ ಮೀನು ತಾಜಾ ಎಂಬುದು ನಮ್ಮ ಕಡೆಯ ಅಚಲ ನಂಬಿಕೆ. ಕಡಲ ದಡದಿಂದ ತಣ್ಣಗೆ ಹೊರಟ ಮೀನು ಘಾಟಿ ಹತ್ತಿದ ಮೇಲೆ, ನಮ್ಮನ್ನು ಮೆಚ್ಚಿಸುವುದಕ್ಕಾಗಿಯೇ ಕೆಡಲಾರಂಭಿಸುತ್ತಿತ್ತು.

ಬಹಳ ಹೇಳಿದ ಮೇಲೆ ಅವನು ಒಂದು ಕ್ರೇಟನ್ನು ಐಸಿನಲ್ಲೇ ತರಲು ಒಪ್ಪಿದ. ಅದರ ಪಕ್ಕದಲ್ಲಿ ನಿಂತು ನಾನು ವಾರವಾರವೂ ಪಾಠ ಮಾಡಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬ ಐಸನ್ನು ಬೆರಳಿನಿಂದ ಕೆದಕಿ, "ಸತ್ತ ಮೀನ್ಗೆ ಶೀತ ಆಗಲ್ವ ಮೇಷ್ಟ್ರೇ?" ಎಂದ. ಕೂಲಿ ಲೈನಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕು, ಪಕ್ಕದ ಕ್ರೇಟಿನ ಮೀನನ್ನೇ ಆಯ್ದರು. ನಾನು ಮಾತ್ರ ಐಸಿನದನ್ನು ಕೊಂಡೆ. ಹೆಂಡತಿ ಉಂಡಳು, ಏನೂ ಆಗಲಿಲ್ಲ.

ಈ ಸಾಕ್ಷ್ಯವನ್ನು ಹಿಡಿದು ನಾವು ಹೆಗ್ಗದ್ದೆಗೆ, ಅವಳ ತವರಿನ ಊಟಕ್ಕೆ ಹೋದೆವು. ಪಂಕ್ತಿಯಲ್ಲಿ ಬಂಗುಡೆ ಬಂದಾಗ ಅವಳ ಅಣ್ಣ ಬಡಿಸುವವಳ ಕೈ ತಡೆದ.

"ಅವ್ಳ ಎಲೆಗೆ ಬ್ಯಾಡ. ಅವ್ಳ ಮೈಗೆ ಮೀನು ಒಗ್ಗಲ್ಲ."

"ಒಗ್ತೈತೆ ಕಣಣ್ಣ, ಡಾಕ್ಟ್ರೇ ಹೇಳವ್ರೆ. ಐಸಲ್ಲಿ ಇಟ್ಟಿದ್ದು ತಾನೆ ಇದು?"

"ನಮ್ಮನೇಗೆ ಐಸ್ ಮೀನು ತರಕ್ಕೆ ನಮ್ಗೇನು ಬಡ್ತನ ಬಂದೈತಾ?" ಎಂದ ಅವನು ನನ್ನ ಕಡೆ ತಿರುಗಿದ. "ಏನ್ ಭಾವ, ಬ್ಯಾಕ್ಟೀರಿಯಾನೂ ನಿಮ್ಮ ಸ್ಕೂಲ್ ಮಕ್ಳಾ, ಹೇಳ್ದಂಗೆ ಕೇಳಕ್ಕೆ?"

ಪಂಕ್ತಿಯೆಲ್ಲ ನಕ್ಕಿತು. ಅವಳ ಎಲೆಗೆ ಬೇಳೆಸಾರು ಬಿತ್ತು. ಅಂದಿನಿಂದ ನೆಂಟರಿಷ್ಟರಲ್ಲಿ ಅವಳು 'ಮೀನು ಒಗ್ಗದವಳು' ಆದಳು. ಮೀನಿನ ಮೇಲಿದ್ದ ದೋಷ ಅವಳ ಮೈಗೆ ಅಂಟಿತು.

ಐಸಿನ ಕ್ರೇಟು ಮುಂದೆ ಮೂರನೆಯ ಮಳೆಗಾಲವನ್ನೂ ಕಂಡಿತು, ನನ್ನೊಬ್ಬನ ಗಿರಾಕಿತನದ ಮೇಲೆ. ಒಂದು ಭಾನುವಾರ ಹೋದಾಗ ಅದು ಇರಲಿಲ್ಲ. ಗಾಡಿಗೆ ಹೊಸ ಬೋರ್ಡು ಕಟ್ಟಿತ್ತು: 'ಇಲ್ಲಿ ಐಸ್ ಹಾಕದ ತಾಜಾ ಮೀನು ಮಾತ್ರ ದೊರೆಯುತ್ತದೆ.' ಒಂದೇ ಒಂದು ಕಾಗುಣಿತ ದೋಷವಿರಲಿಲ್ಲ.

"ಬೇಜಾರಾಗ್ಬ್ಯಾಡಿ ಮೇಷ್ಟ್ರೇ," ಎಂದ ಮೀನಿನವನು. "ಐಸ್ ಕ್ರೇಟು ಕಂಡು, ಗಾಡೀಲಿರೋದೆಲ್ಲಾ ಹಳೇದು ಅನ್ನಕ್ಕೆ ಶುರು ಮಾಡುದ್ರು."

ಬರಿಗೈಯಲ್ಲಿ ಮನೆಗೆ ಬಂದು, ಇನ್ನು ಸಕಲೇಶಪುರದಿಂದ ಐಸಿನ ಮೀನು ತರುತ್ತೇನೆ ಎಂದೆ.

"ಬ್ಯಾಡ ಕಣ್ರೀ," ಎಂದಳು ಹೆಂಡತಿ. "ನಂಗೊಬ್ಳಿಗೆ ಅಲ್ಲಿಂದ ತಂದ್ರೆ ಅಣ್ಣ ಅಂದಿದ್ದೇ ದಿಟ ಆಯ್ತದೆ. ರೋಗಿಗೆ ಬ್ಯಾರೆ ಮೀನು ಅಂತಾರೆ."

ಅವಳು ಮೀನಿನ ಸಾರಿಗೆಂದೇ ಇಟ್ಟಿದ್ದ ಮಡಕೆಯನ್ನು ಹಿತ್ತಲಿಗೆ ಒಯ್ದು, ತಳಕ್ಕೆ ಮೊಳೆಯಿಂದ ತೂತು ಕೊರೆದು, ಮಣ್ಣು ತುಂಬಿ ದೊಡ್ಡಪತ್ರೆಯ ಕಡ್ಡಿ ಊರಿದಳು. ಅಂದು ೨೦೨೪ರ ನವೆಂಬರ್ ೧೦, ಭಾನುವಾರ.