ಏಳು ಕೆಂಪು ಮರಿಗಳು

ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುವವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೀನು ತಿನ್ನುವ ಮನೆಯ ಹುಡುಗಿಯಾಗಿದ್ದರೆ ನಾನು ಆ ತಪ್ಪು ಮಾಡುತ್ತಿರಲಿಲ್ಲ.

ಇದು ನಡೆದು ಮೂರು ವರ್ಷವಾಯಿತು. ಆಗ ನನಗೆ ಹದಿನಾರು. ಮೆಟ್ರಿಕ್ ಪರೀಕ್ಷೆ ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಪ್ಪನಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಧಾರವಾಡದ ಕಡೆಯಿಂದ ಬಂದ ನಾವು ಕಾರ್ಮಿಕರ ಚಾಳಿನ ಐದನೇ ಮನೆಯಲ್ಲಿದ್ದೆವು. ದಿನಾ ತಾರೀಖು ಹಾಕಿ ಬರೆಯುವ ಚಟ ನನಗೆ ಆಗಲೇ ಹತ್ತಿತ್ತು: ನಳಕ್ಕೆ ನೀರು ಎಷ್ಟು ಹೊತ್ತಿಗೆ ಬಂತು, ಯಾರ ಮನೆಯಲ್ಲಿ ಯಾರಿಗೆ ಜ್ವರ. ಆ ನೋಟುಬುಕ್ಕನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಜೂನ್ ಮೊದಲ ವಾರ ಮಲೇರಿಯಾ ಇನ್ಸ್‌ಪೆಕ್ಟರು ಬಂದು ಒಂದು ಡಬ್ಬಿಯಲ್ಲಿ ಹನ್ನೆರಡು ಮೀನು ಕೊಟ್ಟರು. ಬೂದಿಬಣ್ಣದವು, ಕಿರುಬೆರಳಿನ ಉದ್ದವೂ ಇಲ್ಲ. ನೀರಿನ ಮೇಲೆ ತೇಲುವ ಸೊಳ್ಳೆಹುಳುಗಳನ್ನು ಇವು ತಿನ್ನುತ್ತವೆ, ಬೇಗ ಹೆಚ್ಚುತ್ತವೆ, ಹೆಚ್ಚಿದ ಮೇಲೆ ಚಾಳಿನ ಎಲ್ಲ ಮನೆಯ ತೊಟ್ಟಿಗೂ ಬಿಡಿ ಎಂದರು. ಅಪ್ಪ ಒಡೆದ ಕಿಟಕಿಯ ಗಾಜು, ಕಬ್ಬಿಣದ ಪಟ್ಟಿ ಸೇರಿಸಿ ಒಂದು ಪೆಟ್ಟಿಗೆ ಮಾಡಿದ. ಅದು ನಮ್ಮ ಪಡಸಾಲೆಯಲ್ಲಿ ಕೂತಿತು.

"ನಮ್ಮ ಮನ್ಯಾಗ ಮೀನ? ಇನ್ನ ಊರಿಗೆ ಹೋದ್ರ ಏನಂತ ಹೇಳ್ಲಿ?" ಎಂದಳು ಅವ್ವ. ಎರಡು ದಿನ ಅತ್ತ ನೋಡಲಿಲ್ಲ. ಮೂರನೇ ದಿನ ತೌಡು ಹಾಕಿದವಳು ಅವಳೇ.

ಇಷ್ಟೆಲ್ಲ ಅಕ್ಕನಿಗಾಗಿ. ಮದುವೆಯಾಗಿ ಧಾರವಾಡಕ್ಕೆ ಹೋದ ಅಕ್ಕ ಹಿಂದಿನ ವರ್ಷ ಬಸುರಿಯಾಗಿ ನಮ್ಮಲ್ಲಿಗೆ ಬಂದಿದ್ದಾಗ ಚಳಿಜ್ವರ ಬಂದು ಏಳನೇ ತಿಂಗಳಲ್ಲಿ ಕೂಸು ಹೋಗಿತ್ತು. ಈಗ ಮತ್ತೆ ಬಸುರಿ. "ಆ ಜ್ವರದ ಊರಿಗೆ ಕಳಸಂಗಿಲ್ಲ" ಎಂದು ಅವಳ ಅತ್ತೆ ಹಟ ಹಿಡಿದಿದ್ದರು. ಅಪ್ಪ ತಾನೇ ಹೋಗಿ, ಸೊಳ್ಳೆಪರದೆ ತಂದಿದ್ದೇನೆ, ಮೀನು ಸಾಕಿದ್ದೇನೆ ಎಂದು ಹೇಳಿ ಒಪ್ಪಿಸಿ ಬಂದಿದ್ದ. ಮೀನು ನೋಡಿಕೊಳ್ಳುವ ಕೆಲಸ ನನ್ನದು.

ಜೂನ್ ಕೊನೆಗೆ ಗಾಜಿನ ಪೆಟ್ಟಿಗೆಯಲ್ಲಿ ಮೂವತ್ತೆಂಟು ಮೀನಾದವು. ಇಪ್ಪತ್ತನ್ನು ಹಿತ್ತಲಿನ ಸಿಮೆಂಟ್ ತೊಟ್ಟಿಗೆ ಬಿಟ್ಟೆವು. ಅಕ್ಕ ಬರುವ ಹೊತ್ತಿಗೆ ಪೆಟ್ಟಿಗೆ ಸ್ವಲ್ಪ ಚೆಂದ ಕಾಣಲಿ ಎಂದು ನನಗೆ ಆಸೆಯಾಯಿತು. ಬಟ್ಟೆ ಒಗೆಯಲು ಹೋದಾಗ ಕಾಳಿ ನದಿಯ ದಂಡೆಯ ಮಡುಗಳಿಂದ ಮೀನು ಹಿಡಿದು ತಂದು ಪರೀಕ್ಷೆ ಮಾಡಿದೆ. ನೋಟುಬುಕ್ಕಿನಲ್ಲಿ ಗೆರೆ ಹಾಕಿ ಮೂರು ಪ್ರಶ್ನೆ ಬರೆದುಕೊಂಡಿದ್ದೆ: ಉದ್ದ ಸಮನೇ? ತೌಡು ತಿನ್ನುತ್ತದೆಯೇ? ಜಗಳವಾಡುತ್ತದೆಯೇ? ಪಟ್ಟೆಯಿದ್ದ ಒಂದು ಮೀನು ಉಳಿದವುಗಳ ಬಾಲ ಕಚ್ಚಿತು. ಅದನ್ನು ಅದೇ ದಿನ ಹೊಳೆಗೆ ಬಿಟ್ಟೆ.

ಜುಲೈ ಒಂದರಂದು ಒಂದು ಮಡುವಿನಲ್ಲಿ ಕೆಂಪು ಉಂಡೆಯೊಂದು ತೇಲುತ್ತಿತ್ತು. ಹತ್ತಿರ ಹೋದಾಗ ಅದು ಚೆದುರಿ ನೂರಾರು ಮರಿಗಳಾಯಿತು, ಕುಂಕುಮದ ಹಾಗೆ. ಕೆಳಗೆ ಏನೋ ದೊಡ್ಡದು ಮಗ್ಗಲು ಬದಲಿಸಿ ನೀರು ಕದಡಿತು. ನನಗೆ ಹೆದರಿಕೆಯಾಯಿತು. ಆದರೂ ಸೀರೆಯ ತುಂಡನ್ನು ಜೋಳಿಗೆಯಂತೆ ಹಿಡಿದು ಎತ್ತಿದೆ. ಏಳು ಮರಿ ಸಿಕ್ಕವು. ಮೂರು ದಿನ ನೋಡಿದೆ. ಜಗಳವಿಲ್ಲ, ಉದ್ದದಲ್ಲಿ ನಮ್ಮವಕ್ಕಿಂತ ಚಿಕ್ಕವೇ. "ಹೊಂದಿಕೆ: ಸರಿ" ಎಂದು ಬರೆದಿದ್ದೇನೆ. ಆ ಸಾಲು ಈಗಲೂ ಹಾಗೇ ಇದೆ.

ಜುಲೈ ಐದಕ್ಕೆ ಅಕ್ಕ ಬಂದಳು. ಪೆಟ್ಟಿಗೆಯ ಮುಂದೆ ಕೂತು, "ಕೆಂಪನೂವು ಎಷ್ಟ್ ಚೆಂದ ಅದಾವು ಬೇ!" ಎಂದು ಅವ್ವನನ್ನು ಕರೆದಳು.

ಜುಲೈ ಹದಿನೈದರ ಸುಮಾರಿಗೆ ಪೆಟ್ಟಿಗೆಯಲ್ಲಿ ಬೂದಿ ಮೀನುಗಳ ಹೊಸ ಮರಿಗಳು ಕಾಣಿಸುವುದು ನಿಂತಿತು. ಕೆಂಪು ಮರಿಗಳ ಬಣ್ಣ ಇಳಿಯತೊಡಗಿತು. ಜಾಗ ಸಾಲದೆಂದು ತಿಳಿದು ಇಪ್ಪತ್ತಾರರಂದು ಏಳನ್ನೂ ಹಿತ್ತಲಿನ ತೊಟ್ಟಿಗೆ ಹಾಕಿದೆ. ಮಳೆ ಹಿಡಿದಿದ್ದರಿಂದ ತೊಟ್ಟಿಗೆ ತಗಡು ಮುಚ್ಚಿರುತ್ತಿತ್ತು. ವಾರಕ್ಕೊಮ್ಮೆ ತಗಡು ಸರಿಸಿ ತೌಡು ಹಾಕಿ ಮೇಲೆ ಬಂದ ಮೀನುಗಳನ್ನು ಎಣಿಸುತ್ತಿದ್ದೆ. ಇಪ್ಪತ್ತು. ಹದಿಮೂರು. ಆಮೇಲೆ ಐದು. ಮಳೆಗೆ ಮೀನು ತಳಕ್ಕೆ ಇಳಿದಿರಬೇಕು ಎಂದು ಪ್ರತಿಸಲವೂ ಪಕ್ಕದಲ್ಲಿ ಬರೆದಿದ್ದೇನೆ. ಅದನ್ನು ನಾನು ನಿಜವಾಗಿ ನಂಬಿದ್ದೆನೋ ಇಲ್ಲವೋ ಈಗ ಹೇಳಲಾರೆ.

ಆಗಸ್ಟ್ ಹದಿನಾರರಂದು ತೌಡಿಗೆ ಒಂದೂ ಮೇಲೆ ಬರಲಿಲ್ಲ. ನೀರಿನ ಮೇಲೆ ಹುಳುಗಳು ಮಲಗಿದ್ದವು. ಇನ್ಸ್‌ಪೆಕ್ಟರು ಹೇಳಿಕೊಟ್ಟಿದ್ದು ಬಾಯಿಪಾಠವಾಗಿತ್ತು: ತಲೆ ಕೆಳಗಾಗಿ ನೇತಾಡುವ ಹುಳು ಬರೀ ಕಚ್ಚುವ ಸೊಳ್ಳೆಯದು, ನೀರಿಗೆ ಸಮವಾಗಿ ಅಡ್ಡ ಮಲಗುವ ಹುಳು ಚಳಿಜ್ವರದ ಸೊಳ್ಳೆಯದು. ಇವು ಅಡ್ಡ ಮಲಗಿದ್ದವು. ಬಚ್ಚಲಿನ ಗೋಡೆ ನೋಡಿದೆ. ಮೂರು ಸೊಳ್ಳೆಗಳು ಬಾಲ ಮೇಲೆತ್ತಿ ಕೂತಿದ್ದವು. ಚಳಿಜ್ವರದ ಸೊಳ್ಳೆ ಕೂರುವುದು ಹಾಗೆಯೇ. ಮೂರನ್ನೂ ಹೊಡೆದೆ. ಆದರೆ ಎಷ್ಟು ಆಗಲೇ ಹಾರಿಹೋಗಿದ್ದವು?

ಆ ಹೊತ್ತಿಗೆ ಕಟ್ಟಿಗೆ ಮಾರುವ ಸಿದ್ದಿ ಹೆಂಗಸು ಹಿತ್ತಲಿಗೆ ಬಂದಳು. ಹಳಿಯಾಳದ ಕಡೆಯ ಹಳ್ಳಿಯವಳು, ವಾರಕ್ಕೆರಡು ಸಲ ನಮ್ಮ ಚಾಳಿಗೆ ಹೊರೆ ತರುತ್ತಿದ್ದಳು. ಹೊರೆ ಇಳಿಸಿ ತೊಟ್ಟಿಗೆ ಬಗ್ಗಿ ನೋಡಿ ನಕ್ಕಳು.

"ಏನವ್ವಾ, ಸಾರಿಗೆ ಸಾಕೀ ಏನ? ಮರಲ ಮೀನ ಇದು."

"ಅಲ್ಲರೀ, ಇವು ಕೆಂಪಿದ್ದೂ."

"ಕೂಸಿದ್ದಾಗ ಕೆಂಪ. ಬೆಳೀತಾ ಕರ್ರಗ ಆಗ್ತೈತಿ. ಜೋಡಿ ಏನ್ ಬಿಟ್ಟಿದ್ದಿ?"

ಹೇಳಿದೆ. ಅವಳ ನಗು ನಿಂತಿತು. "ಬಣ್ಣ ನೋಡಿ ಜೋಡಿ ಮಾಡ್ತಾರೇನ? ಬಾಯಿ ನೋಡಬೇಕ. ಬಾಯಿ ಮ್ಯಾಲಿದ್ದದ್ದು ಮ್ಯಾಲಿಂದು ತಿಂತೈತಿ. ಕೆಳಗಿದ್ದದ್ದು ಕೆಸರು ತಿಂತೈತಿ. ಬಾಯಿ ಕಣ್ಣಿನ ಹಿಂದ ತನಕ ಹರದೈತಿ ಅಂದ್ರ, ಎದುರಿಗೆ ಬಂದದ್ದೆಲ್ಲಾ ತಿಂತೈತಿ."

ಇಬ್ಬರೂ ಸೇರಿ ತೊಟ್ಟಿ ಬರಿದು ಮಾಡಿದೆವು. ತಳದಲ್ಲಿ ಕಪ್ಪಾಗಿ, ಹಾವಿನ ತಲೆಯಂಥ ತಲೆಯ ಆರು ಮೀನು.

"ಏಳು ಇದ್ದೂ" ಎಂದೆ.

"ಏಳನೇದು ಈ ಆರರ ಹೊಟ್ಟ್ಯಾಗ ಐತಿ" ಎಂದು ಅವಳು ಅವನ್ನು ಗಡಿಗೆಗೆ ಹಾಕಿಕೊಂಡು ಹೋದಳು.

ನಾನು ಲೆಕ್ಕ ಹಾಕತೊಡಗಿದೆ. ಮೂರನೇ ಮನೆಯವನು ಕಾಡಿನ ಕೆಲಸದಿಂದ ಚಳಿಜ್ವರ ತಂದುಕೊಂಡು ಮಲಗಿ ನಾಲ್ಕು ದಿನವಾಗಿತ್ತು. ನಮ್ಮ ತೊಟ್ಟಿಯ ಸೊಳ್ಳೆ ಅವನನ್ನು ಕಚ್ಚಿದರೆ ಅದರ ಹೊಟ್ಟೆಯಲ್ಲಿ ವಿಷ ಬಲಿಯಲು ಹತ್ತು ಹನ್ನೆರಡು ದಿನ. ಅದು ಅಕ್ಕನನ್ನು ಕಚ್ಚಿದರೆ ಜ್ವರ ಕಾಣಲು ಮತ್ತೆ ಅಷ್ಟೇ. ಇನ್ಸ್‌ಪೆಕ್ಟರು ಹೇಳಿದ ಲೆಕ್ಕ ಇದು. ಕೂಡಿದರೆ ಸೆಪ್ಟೆಂಬರ್ ಮೊದಲ ವಾರದಿಂದ ಮುಂದೆ ಬಂತು. ಅಕ್ಕನಿಗೆ ದಿನ ತುಂಬುವುದೂ ಆಗಲೇ.

ಮರುದಿನ ಅಕ್ಕನಿಗೆ ದಿನಗಳ ಲೆಕ್ಕವೂ ಸೇರಿ ಎಲ್ಲ ಹೇಳಿದೆ. ಅಳುತ್ತಾಳೆ, ಇಲ್ಲ ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು ಬಾಗಿಲು ಮುಂದೆ ಮಾಡಿ ಬಂದಳು.

"ಅಪ್ಪಗ ಹೇಳೀ ಏನ?"

"ಇಲ್ಲ."

"ಹೇಳಬ್ಯಾಡ. ಹೇಳಿದ್ರ ನಾಳೆ ಬಸ್ಸಿಗೆ ಧಾರವಾಡಕ್ಕ ಕಳಸ್ತಾನ."

"ಅಲ್ಲಿ ಕಚ್ಚಾಕ ಇಷ್ಟ್ ಗುಂಗಾಡ ಇಲ್ಲಲ್ಲ ಅಕ್ಕ."

"ಗುಂಗಾಡ ಇಲ್ಲ. ಅತ್ತಿ ಅದಾಳ." ದನಿ ಇಳಿಸಿದಳು. "ಹೋದ ಕೂಸಿನ ಮಾತು ದಿನಾ ಎತ್ತತಾಳ, ಊಟಕ್ಕ ಕುಂತಾಗ. ನಾ ಇಲ್ಲೇ ಹಡೀತೇನಿ. ನೀ ಬಾಯಿ ಮುಚ್ಚಕೊಂಡಿರು."

ಅಂದಿನಿಂದ ಅಕ್ಕ ಹಗಲು ಹೊತ್ತಿನಲ್ಲೂ ಪರದೆಯೊಳಗೇ ಕೂತಳು. ಸೆಕೆ ಅನ್ನಲಿಲ್ಲ. ಅವ್ವ, "ಮಹಾರಾಣಿ ಆಗ್ಯಾಳ ನೋಡ್ರಿ ಇಕಿ" ಎಂದು ನೆರೆಯವರ ಮುಂದೆ ಹಂಗಿಸಿದಳು. ನಾನು ದಿನಾ ಮುಂಜಾನೆ ಗೋಡೆಗಳ ಸೊಳ್ಳೆ ಎಣಿಸಿ ಬರೆದೆ. ಬಾಲ ಎತ್ತಿದವು: ಎರಡು. ಸೊನ್ನೆ. ಒಂದು. ಸ್ನಾನವಾದ ಮೇಲೆ ಅಕ್ಕ ಕೈಕಾಲು ಚಾಚುತ್ತಿದ್ದಳು. ನಾನು ಕಚ್ಚಿದ ಗುರುತು ಹುಡುಕುತ್ತಿದ್ದೆ. ಆಗಸ್ಟ್ ಇಪ್ಪತ್ತೆಂಟರಂದು ಎಡಗಾಲಿನ ಹಿಂಭಾಗದಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು. ಅವಳಿಗೆ ಹೇಳಲಿಲ್ಲ. ಪುಸ್ತಕದಲ್ಲಿ ಬರೆದೆ.

ಸೆಪ್ಟೆಂಬರ್ ಒಂಬತ್ತು, ಮಧ್ಯಾಹ್ನ. ರೊಟ್ಟಿ ಬಡಿಯುತ್ತಿದ್ದೆ. ಪರದೆಯೊಳಗಿಂದ ಅಕ್ಕ ನನ್ನನ್ನು ಕೂಗಿದಳು. ಹೋಗಿ ನೋಡಿದರೆ ಅವಳ ಹಲ್ಲು ಕಟಕಟ ಎನ್ನುತ್ತಿತ್ತು, ಮೈಯೆಲ್ಲ ನಡುಗುತ್ತಿತ್ತು. ಎರಡು ಕೌದಿ ಹೊದಿಸಿದೆ. ನಡುಕ ನಿಲ್ಲಲಿಲ್ಲ. ನನ್ನ ಮಣಿಕಟ್ಟು ಹಿಡಿದು ಕೇಳಿದಳು: "ನಿನ್ನ ಲೆಕ್ಕದಾಗ ಇವತ್ತ ಎಷ್ಟನೇ ದಿನ?"

ಚುಕ್ಕೆಯಿಂದ ಹನ್ನೆರಡನೆಯ ದಿನ. "ಲೆಕ್ಕ ತಪ್ಪೇತಿ" ಎಂದೆ.

ನಾನು ಆಸ್ಪತ್ರೆಯ ನರ್ಸ್‌ಬಾಯಿಯನ್ನು ಕರೆಯಲು ಓಡಿದೆ. ದಾರಿಯುದ್ದಕ್ಕೂ, ಹಿಂದಿನ ವರ್ಷ ಕೂಸನ್ನು ಸುತ್ತಿ ಒಯ್ದ ಬಿಳಿ ಬಟ್ಟೆಯ ಸಣ್ಣ ಗಂಟು ಕಣ್ಣ ಮುಂದಿತ್ತು. ನರ್ಸ್‌ಬಾಯಿ ಬಂದು ಅಕ್ಕನ ಹೊಟ್ಟೆಯ ಮೇಲೆ ಕೈಯಿಟ್ಟು, ಸ್ವಲ್ಪ ಕಾದು, "ಬ್ಯಾನಿ ಸುರು ಆಗೇತಿ. ಕೆಲವ್ರಿಗೆ ಹಿಂಗ ಚಳಿ ಬರತೈತಿ" ಎಂದರು.

"ಜ್ವರ ಅಲ್ಲೇನ್ರಿ?"

"ಜ್ವರ ಆದ್ರೂ ಹಡಿಯೂದಂತೂ ಹಡೀಬೇಕಲ್ಲ. ನೀರ ಕಾಸು ಹೋಗು."

ಸಂಜೆ ಐದಕ್ಕೆ ಹೆಣ್ಣು ಕೂಸು ಹುಟ್ಟಿತು, ಅತ್ತಿತು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮರುದಿನ ಇನ್ಸ್‌ಪೆಕ್ಟರ ಬಳಿ ಹೋಗಿ ಅಕ್ಕನ ರಕ್ತ ಪರೀಕ್ಷೆ ಮಾಡಿ ಎಂದೆ. ಬಾಣಂತಿಯ ಬೆರಳು ಚುಚ್ಚಲು ಕಾರಣ ಬೇಕು ಎಂದರು. ಅವರು ಮನೆಗೇ ಬಂದು ಕೇಳಿದ್ದರಿಂದ ಅಪ್ಪ ಅವ್ವನ ಎದುರಿಗೇ ಎಲ್ಲ ಹೇಳಬೇಕಾಯಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ನೋಟುಬುಕ್ಕು ಕೇಳಿ ಇಸಿದುಕೊಂಡು, ಮೊದಲಿಂದ ಕೊನೆಯವರೆಗೆ ನಿಂತೇ ಓದಿ, ತಿರುಗಿ ನನ್ನ ಕೈಗಿಟ್ಟ. ಅವನು ಬೈದಿದ್ದರೆ ಚೆನ್ನಾಗಿತ್ತು.

ಫಲಿತಾಂಶ ಬರಲು ಎಂಟು ದಿನ ಹಿಡಿಯಿತು. ಆ ಎಂಟು ದಿನ ನಾನು ಕೂಸಿನ ಹಣೆ ಮುಟ್ಟಿ ನೋಡಿದ್ದು ಎಷ್ಟು ಸಲ ಎಂಬುದೂ ಬರೆದಿದೆ, ಒಂದು ದಿನ ನಲವತ್ತೊಂದು. ಒಂಬತ್ತನೆಯ ದಿನ ಇನ್ಸ್‌ಪೆಕ್ಟರು ಬಾಗಿಲಲ್ಲೇ ನಿಂತು, "ಏನೂ ಇಲ್ಲ ತಂಗೀ, ರಕ್ತ ಸ್ವಚ್ಛ ಐತಿ" ಎಂದರು. ಕೂಸಿನದೂ ಒಮ್ಮೆ ನೋಡಿ ಎಂದೆ. ಅವರು ನಕ್ಕು ಹೋದರು.

ಡಿಸೆಂಬರಿನಲ್ಲಿ ಅಕ್ಕ ಹೊರಟಾಗ ಸೊಳ್ಳೆಪರದೆಯನ್ನು ಮಡಿಸಿ ತನ್ನ ಟ್ರಂಕಿಗೆ ಹಾಕಿಕೊಂಡಳು.

"ಅಲ್ಲಿ ಗುಂಗಾಡ ಇಲ್ಲಲ್ಲ" ಎಂದೆ.

"ಅತ್ತಿ ಅದಾಳ" ಎಂದಳು. ಕೂಸಿಗೆ ಕುಲಾಯಿ ಕಟ್ಟುವ ಅವಳ ಬೆರಳು ಸಣ್ಣಗೆ ನಡುಗುತ್ತಿದ್ದವು. ನಾನು ಅವಳ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.