ಹುಸೇನಬಿ ಕಿಟಕಿಯಿಂದ ಇಳಿಸಿದ ಮಜ್ಜಿಗೆ

ವಾಸ್ಕೋದ ಮಂಗೋರ್ ಹಿಲ್‌ನ ಏರು ಹತ್ತುವಾಗ ಗಟ್ಟಿ ಕಾಲಿನವರೂ ಒಮ್ಮೆ ನಿಂತು ಸೊಂಟಕ್ಕೆ ಕೈ ಕೊಡುತ್ತಾರೆ. ಹಾಗೆ ನಿಲ್ಲುವ ಜಾಗದಲ್ಲೇ ಮಕ್ತುಮಸಾಬನ ಗ್ಯಾರೇಜು ಇದೆ. ನಾಲ್ಕು ಕಂಬ, ಮೇಲೊಂದು ತಗಡು, ಬೆನ್ನಿಗೇ ಮನೆ. ಮನೆಯ ಅಡುಗೆ ಕಿಟಕಿ ಗ್ಯಾರೇಜಿನೊಳಗೇ ತೆರೆಯುವುದರಿಂದ ಗಿರಾಕಿಗಳಿಗೆ ಮೊದಲು ಕಾಣುವುದು ಮೆಕ್ಯಾನಿಕ್ಕನ ಮುಖವಲ್ಲ, ಅವನ ಹೆಂಡತಿ ಹುಸೇನಬಿಯ ಮುಖ. ಯಾರ ಗಾಡಿ ಹೇಗೆ ಕೆಮ್ಮುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಕಪ್ಪು ಹೊಗೆ ಬಿಡುವ ಒಂದು ರಿಕ್ಷಾಕ್ಕೆ ಅವಳು ಲಗ್ನದ ಮನೆಯ ಒಲೆ ಎಂದು ಹೆಸರಿಟ್ಟಳು. ಆ ಹೆಸರು ಗುಡ್ಡದ ತುಂಬ ಹಬ್ಬಿದ ಮೇಲೆ ಅದರ ಮಾಲೀಕ ನಾಚಿಕೆಗೆ ಅದನ್ನು ಮಾರಿಯೇಬಿಟ್ಟ.

ಅವಳು ತಾಳಿಕೋಟೆ ಕಡೆಯವಳು. ಸಾಲೆಗೆ ಹೋದದ್ದು ಎರಡು ವರ್ಷ, ಅದೂ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು. ಮದುವೆಯಾಗಿ ಗಣಿಗಳ ಊರಾದ ಸಾಂಗೆಗೆ ಬಂದಾಗ ಮಕ್ತುಮಸಾಬ ಗಣಿ ಸಾಹೇಬರ ಜೀಪುಗಳನ್ನು ರಿಪೇರಿ ಮಾಡುತ್ತಿದ್ದ. ಹೊಸ ಹೆಂಡತಿಗೆ ಬಳೆ ತರುವುದು ಬಿಟ್ಟು ಮೊದಲ ವಾರವೇ ಒಂದು ಡಬ್ಬಿ ಪೆಟ್ರೋಲು, ಒಂದು ತಂತಿ ಬ್ರಷ್ಷು, ಎಂಜಿನ್ನಿನಲ್ಲಿ ಕಿಡಿ ಹಚ್ಚುವ ಹನ್ನೆರಡು ಹೊಲಸು ಪ್ಲಗ್ಗು ತಂದು ಮುಂದಿಟ್ಟ. ಅಂದಿನಿಂದ ಪ್ಲಗ್ಗು ತಿಕ್ಕುವುದು ಅವಳ ಪಾಲಿನ ಕೆಲಸವಾಯಿತು. ಗಣಿ ನಿಂತು, ಗಂಟುಮೂಟೆ ಕಟ್ಟಿಕೊಂಡು ಮಂಗೋರ್ ಹಿಲ್‌ಗೆ ಬಂದ ಮೇಲೂ ಬ್ರಷ್ಷು ಅವಳ ಕೈ ಬಿಡಲಿಲ್ಲ. ತಿಕ್ಕುತ್ತ ತಿಕ್ಕುತ್ತ ಅವಳ ಕಣ್ಣು ಏನೇನು ಕಲಿತಿತ್ತೋ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಪ್ಲಗ್ಗು ನೋಡಿ ಎಂಜಿನ್ನಿನ ಹೊಟ್ಟೆಯೊಳಗಿನದನ್ನು ಹೇಳುವುದರಲ್ಲಿ ಮಕ್ತುಮಸಾಬನಿಗೆ ಹೆಸರಿತ್ತು. ಪಣಜಿಯಿಂದಲೂ ಗಾಡಿ ಬರುತ್ತಿದ್ದವು. ಹೆಚ್ಚಾಗಿ ಎಂಜಿನ್ನಿಗೆ ಕೈ ಹಾಕಿಸಿ ಜೋರು ಮಾಡಿಸಿಕೊಂಡ ಹುಡುಗರ ಗಾಡಿಗಳು. ಪ್ಲಗ್ಗುಗಳು ನೋಡಲು ಎಲ್ಲ ಒಂದೇ ಥರ. ಆದರೆ ಕೆಲವು ಬೆಂಕಿಯ ಕಾವನ್ನು ತುದಿಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ, ಅವು ಬಿಸಿ ಪ್ಲಗ್ಗು. ಕೆಲವು ಕಾವನ್ನು ಬೇಗನೆ ಎಂಜಿನ್ನಿನ ಮೈಗೆ ದಾಟಿಸಿಬಿಡುತ್ತವೆ, ಅವು ತಂಪು ಪ್ಲಗ್ಗು. ಜೋರಿನ ಎಂಜಿನ್ನಿಗೆ ಬಿಸಿಯದು ಹಾಕಿದರೆ ತುದಿ ಕೆಂಡವಾಗಿ ಕೊನೆಗೆ ಪಿಸ್ಟನ್ನೇ ತೂತು. ಅದಕ್ಕೆ ಹೆದರಿ ತೀರಾ ತಂಪಿನದು ಹಾಕಿದರೆ ಪೇಟೆಯಲ್ಲಿ ತೆವಳುವಾಗ ಮಸಿ ಸುಡದೆ ಅಲ್ಲೇ ಕೂತು, ಗಾಡಿ ಮುಕ್ಕರಿಸಿ ನಿಲ್ಲುತ್ತದೆ.

ಮಕ್ತುಮಸಾಬನ ಪರೀಕ್ಷೆ ಈ ಏರಿನ ಮೇಲೆಯೇ. ಕೆಳಗಿನಿಂದ ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿಕೊಂಡು ಬರಬೇಕು. ಗ್ಯಾರೇಜು ಕಂಡ ಕೂಡಲೇ ಕ್ಲಚ್ಚು ತುಳಿದು ಚಾವಿ ತಿರುಗಿಸಿ ಎಂಜಿನ್ನು ಬಂದ್ ಮಾಡಿ, ಹಾಗೆಯೇ ಉರುಳಿಕೊಂಡು ಒಳಗೆ ಬರಬೇಕು. ಆಗ ಬಿಚ್ಚಿದ ಪ್ಲಗ್ಗು ಸುಳ್ಳು ಹೇಳುವುದಿಲ್ಲ. ಕಪ್ಪಗಿದ್ದರೆ ತಂಪು ಹೆಚ್ಚಾಗಿದೆ, ಬೆಳ್ಳಗಿದ್ದರೆ ಬಿಸಿ ಹೆಚ್ಚಾಗಿದೆ, ಹಾಲು ಹಾಕಿದ ಚಹಾದ ಬಣ್ಣಕ್ಕಿದ್ದರೆ ಸರಿಯಾಗಿದೆ.

ಆದರೆ ಆ ಬಣ್ಣ ಕಾಣಬೇಕಲ್ಲ. ಮಕ್ತುಮಸಾಬನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೈಯೊಳಗಿನ ಸಕ್ಕರೆ ಇಳಿಯುವ ತನಕ ಆಪರೇಶನ್ ಮಾಡುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಗ್ಯಾರೇಜಿನ ಭಾರವೆಲ್ಲ ಹೊತ್ತಿದ್ದರೂ ಪ್ಲಗ್ಗಿನ ಬಣ್ಣ ಓದುವುದು ಒಲಿಯದ ಮಗ ಮುಸ್ತಾಕ ಊಟಕ್ಕೆ ಕೂತಾಗ ತಂದೆಗೆ ಒಂದು ಮಾತು ಹೇಳಿದ. ಒಂದೇ ಒಂದು ಪ್ಲಗ್ಗಿನ ಬಣ್ಣ ತಪ್ಪು ಹೇಳಿದರೂ ಮರುದಿನದಿಂದ ಅಬ್ಬಾ ಮನೆಯಲ್ಲಿ ಆರಾಮ ಕೂರಬೇಕು.

ಆರಾಮ ಎಂಬ ಮಾತಿಗೆ ಹುಸೇನಬಿಗೆ ಚಿಂತೆ ಹತ್ತಿತು. ಗಂಡನ ಹೆಸರಿಗಾಗಿ ಅಲ್ಲ, ತನ್ನ ಅಡುಗೆಮನೆಗಾಗಿ. ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ಆತ ಎಂಟು ದಿನ ಮನೆಯಲ್ಲಿದ್ದ. ಮೂರನೇ ದಿನಕ್ಕೆ ಎದ್ದು ಕೂತು ಮಸಾಲೆ ಡಬ್ಬಿಗಳನ್ನೆಲ್ಲ ನಟ್ಟು ಬಿಚ್ಚುವ ಪಾನಾ ಜೋಡಿಸಿದಂತೆ ಉದ್ದಳತೆಗೆ ತಕ್ಕಂತೆ ಸಾಲಾಗಿ ಇಟ್ಟಿದ್ದ. ಐದನೇ ದಿನ ಒಗ್ಗರಣೆಗೆ ಸಾಸಿವೆ ಎಷ್ಟು ಹೊತ್ತು ಸಿಡಿಯಬೇಕೆಂದು ಹೇಳಿಕೊಟ್ಟ. ಏಳನೇ ದಿನ ಕುಕ್ಕರಿನ ಸೀಟಿಯನ್ನು ಬಿಚ್ಚಿ ಸುಧಾರಿಸಿದ. ಅದು ಈಗಲೂ ಕೂಗುವುದಿಲ್ಲ, ನಿಟ್ಟುಸಿರು ಬಿಡುತ್ತದೆ. ಎಂಟು ದಿನಕ್ಕೇ ಇಷ್ಟಾದರೆ ಉಳಿದ ಆಯುಷ್ಯಕ್ಕೆ ಎಷ್ಟಾದೀತು ಎಂದು ಅವಳು ಹೆದರಿದಳು. ಗಂಡ ಗ್ಯಾರೇಜಿನ ಸ್ಟೂಲಿನ ಮೇಲೆಯೇ ಇರಬೇಕು, ಏನಾದರಾಗಲಿ.

ಅವತ್ತೇ ಗಂಡನನ್ನು ಮೂಲೆಗೆ ಕರೆದು ಒಂದು ಉಪಾಯ ಹೇಳಿಕೊಟ್ಟಳು. ಬಿಚ್ಚಿದ ಪ್ಲಗ್ಗನ್ನು ಮುಸ್ತಾಕ ಆರಲೆಂದು ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಇಡುತ್ತಾನೆ. ಅದು ಆರುವ ತನಕ ಮುಟ್ಟಬಾರದು, ಅಲ್ಲಿಯವರೆಗೆ ಚಹಾ ಕುಡಿಯಬೇಕು ಎಂದು ಮಕ್ತುಮಸಾಬ ಒಂದು ಹೊಸ ನಿಯಮ ಮಾಡಬೇಕು. ಅವಳು ಮೇಲಿನಿಂದ ಬಣ್ಣ ನೋಡಿಕೊಳ್ಳುತ್ತಾಳೆ. ಕಪ್ಪಗಿದ್ದರೆ ಹಾಲಿಲ್ಲದ ಸುಲೇಮಾನಿ ಚಹಾ ಇಳಿಸುತ್ತಾಳೆ, ಬೆಳ್ಳಗಿದ್ದರೆ ಬರೀ ಹಾಲು, ಸರಿಯಿದ್ದರೆ ಹಾಲಿನ ಚಹಾ. ಕಣ್ಣು ಹೋದರೇನು, ನಾಲಿಗೆ ಗಟ್ಟಿ ಇತ್ತು.

ನಲವತ್ತು ದಿನ ಆಟ ಸೊಗಸಾಗಿ ನಡೆಯಿತು. ಮಕ್ತುಮಸಾಬ ಒಂದು ಗುಟುಕು ಕುಡಿಯುವುದು, ಪ್ಲಗ್ಗು ಎತ್ತಿ ಬೆಳಕಿಗೆ ಹಿಡಿಯುವುದು, ಇಲ್ಲದ ಗಾಂಭೀರ್ಯ ತಂದುಕೊಂಡು ತೀರ್ಪು ಕೊಡುವುದು. ಕಿಟಕಿಯೊಳಗೆ ಹುಸೇನಬಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುವುದು. ಒಮ್ಮೊಮ್ಮೆ ಆತ ಪ್ಲಗ್ಗನ್ನು ತಲೆಕೆಳಗಾಗಿ ಹಿಡಿದೇ ಬಣ್ಣ ಹೇಳುತ್ತಿದ್ದ. ಸೊಸೆ ಯಾಸ್ಮೀನಳಿಗೆ ಮಾತ್ರ ಹಾಲು ಎಲ್ಲಿ ಹೋಗುತ್ತದೆಂದು ತಿಳಿಯದೆ ಬೆಕ್ಕಿನ ಮೇಲೆ ಸಂಶಯ ಬಂದಿತ್ತು.

ಆಗ ಬಂದವನು ಜಾವೇದ. ಹೋಟೆಲಿನ ಗಾಡಿ ಓಡಿಸುವವ, ಮೇಲೆ ಸ್ವಂತಕ್ಕೆ ಒಂದು ಹಳೆಯ ಕೆಂಪು ಕಾರು. ಅದಕ್ಕೆ ಮಡಗಾಂವದಲ್ಲಿ ಎಂಜಿನ್ನಿನ ಜೋರು ಹೆಚ್ಚಿಸುವ ಟರ್ಬೊ ಕೂರಿಸಿದ್ದ. ರೇಸಿನವರು ಹಾಕುವುದೆಂದು ಎಲ್ಲಕ್ಕಿಂತ ತಂಪಿನ ಪ್ಲಗ್ಗನ್ನೇ ಕೇಳಿ ಹಾಕಿಸಿಕೊಂಡಿದ್ದ. ರೇಸು ಎಲ್ಲಿ? ಅವನ ಕಾರು ದಿನವೂ ವಾಸ್ಕೋದ ಟ್ರಾಫಿಕ್ಕಿನಲ್ಲಿ ಎತ್ತಿನ ಗಾಡಿಯ ಹಿಂದೆ ನಿಂತಂತೆ ನಿಲ್ಲುತ್ತಿತ್ತು. ಶುಕ್ರವಾರ ಘಟ್ಟ ಹತ್ತಿ ಬೆಳಗಾವಿಗೆ ಹೋಗಬೇಕಿತ್ತು, ಅಲ್ಲಿ ಅವನ ನಿಶ್ಚಿತಾರ್ಥ. ಕಾರು ನೋಡಿದರೆ ಪ್ರತಿ ಸಿಗ್ನಲ್ಲಿಗೂ ಸಾಯುತ್ತಿತ್ತು. ಮೊದಲ ದಿನ ಕಿಟಕಿಯಿಂದ ಸುಲೇಮಾನಿ ಇಳಿಯಿತು. ತಂಪು ಭಾಳ ಆಗೇತಿ, ಸ್ವಲ್ಪ ಬಿಸಿಯದು ಹಾಕು ಎಂದ ಮಕ್ತುಮಸಾಬ.

ಜಾವೇದನ ಆತುರ ಕೇಳಬೇಕೆ. ಮನೆಗೆ ಹೋಗಿ, ಕಾರು ಕೊಂಡಾಗ ಅದರಲ್ಲಿದ್ದ ಕಂಪನಿಯ ಹಳೆಯ ಪ್ಲಗ್ಗುಗಳನ್ನೇ ಹುಡುಕಿ ಹಾಕಿಕೊಂಡು ಮರುದಿನ ಏರು ಹತ್ತಿಸಿದ. ಈಗ ಕಾರು ಹುಲಿಯ ಹಾಗೆ ಬಂತು. ಮುಸ್ತಾಕ ಬಟ್ಟೆ ಸುತ್ತಿ ಪ್ಲಗ್ಗು ಬಿಚ್ಚಿ ಕಲ್ಲಿನ ಮೇಲಿಟ್ಟ. ಹುಸೇನಬಿ ಬಗ್ಗಿ ನೋಡಿದರೆ ತುದಿ ಸುಣ್ಣದ ಹಾಗೆ ಬೆಳ್ಳಗಿದೆ, ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆ ಬೇರೆ. ಟರ್ಬೊದ ಶಾಖಕ್ಕೆ ಈ ಪ್ಲಗ್ಗು ಬೆಂದುಹೋಗುತ್ತಿತ್ತು. ಇದರ ಮೇಲೆ ಘಟ್ಟ ಹತ್ತಿದರೆ ಎಂಜಿನ್ನು ನಡುದಾರಿಯಲ್ಲೇ ಮುಗಿದಂತೆ.

ಹಾಲು ಇಳಿಸಬೇಕು. ಪಾತ್ರೆ ಎತ್ತಿದಳು, ಖಾಲಿ. ಬೆಕ್ಕಿಗೆ ಸಿಗಬಾರದೆಂದು ಯಾಸ್ಮೀನ ಇದ್ದ ಹಾಲನ್ನೆಲ್ಲ ಹೆಪ್ಪು ಹಾಕಿಬಿಟ್ಟಿದ್ದಳು. ಕೆಳಗೆ ಮಕ್ತುಮಸಾಬ ಗ್ಲಾಸಿಗೆ ಕೈ ಚಾಚಿ ಕೂತಿದ್ದ. ಹುಸೇನಬಿ ಮೊಸರು ಕಡೆದು ಮಜ್ಜಿಗೆ ಮಾಡಿ ಕೊಟ್ಟಳು. ಬೆಳ್ಳಗೆ ಇದೆಯಲ್ಲ, ಇಷ್ಟು ತಿಳಿಯಲಾರದೇ ಅಂದುಕೊಂಡಳು.

ತಿಳಿಯಲಿಲ್ಲ. ಮಕ್ತುಮಸಾಬ ಗುಟುಕರಿಸಿದ, ಹುಬ್ಬೇರಿಸಿದ, ಇನ್ನೊಂದು ಗುಟುಕರಿಸಿದ. ಮಜ್ಜಿಗೆಯ ಬಣ್ಣ ಅವನಿಗೆ ಕಾಣಬೇಕಲ್ಲ. ಅವನ ತಲೆ ಬೇರೆ ದಾರಿ ಹಿಡಿಯಿತು. ಮಜ್ಜಿಗೆ ಎಂದರೆ ಉಷ್ಣ ಇಳಿಸುವ ಪದಾರ್ಥ, ಮೈಗೆ ತಂಪು. ಹಾಗಿದ್ದರೆ ಹೆಂಡತಿ ಹೇಳುತ್ತಿರುವುದು ಪ್ಲಗ್ಗು ತಂಪಾಗಿದೆ ಎಂದು. ಆತ ಪ್ಲಗ್ಗನ್ನು ಬೆಳಕಿಗೆ ಹಿಡಿದ.

"ಇನ್ನೂ ತಂಪೈತಿ. ಇದಕ್ಕಿಂತ ಬಿಸಿಯದು ಹಾಕಿ ಘಟ್ಟ ಹತ್ತು, ಹೋಗು."

ಜಾವೇದ ಫೋನು ತೆಗೆದು ಪ್ಲಗ್ಗಿನ ಅಂಗಡಿಗೆ ಹಚ್ಚತೊಡಗಿದ. ಹುಸೇನಬಿಯ ಕೈಯಲ್ಲಿ ಕಡಗೋಲು ಹಾಗೇ ನಿಂತಿತು. ಬಾಯಿ ಮುಚ್ಚಿಕೊಂಡರೆ ಅಡುಗೆಮನೆ ಉಳಿಯುತ್ತದೆ, ಹುಡುಗ ಘಟ್ಟದಲ್ಲಿ ಉಳಿಯುತ್ತಾನೆ. ಬಾಯಿ ಬಿಟ್ಟರೆ ಸಾಸಿವೆ ಲೆಕ್ಕ ಹಾಕುವವನು ಇವತ್ತೇ ಒಳಗೆ ಬರುತ್ತಾನೆ. ಅವಳು ಮಸಾಲೆ ಡಬ್ಬಿಗಳನ್ನೊಮ್ಮೆ ನೋಡಿದಳು. ಬೆಳಗಾವಿಯಲ್ಲಿ ಮೆಹಂದಿ ಹಚ್ಚಿಕೊಂಡು ಕಾಯುವ ಹುಡುಗಿಯನ್ನು ಕಾಣದೆಯೂ ಕಂಡಳು. ಸೆರಗು ಸಿಕ್ಕಿಸಿಕೊಂಡು ಗ್ಯಾರೇಜಿಗೆ ಇಳಿದಳು.

"ತಂಪಲ್ಲರೀ, ಉರದು ಬೆಳ್ಳಗಾಗೇತಿ. ಬಿಡ್ರಿ ಅದನ್ನ ಇಲ್ಲಿ." ಗಂಡನ ಕೈಯಿಂದ ಪ್ಲಗ್ಗು ತೆಗೆದುಕೊಂಡು ಜಾವೇದನ ಮೂಗಿನ ಮುಂದೆ ಹಿಡಿದಳು. "ನೋಡಪಾ, ಈ ಗುಳ್ಳಿ ಕಾಣ್ತಾವಿಲ್ಲ? ರೇಸಿಂದು ನಿನಗ ಭಾಳ ತಂಪಾತು, ಕಂಪನಿದು ಟರ್ಬೊಕ್ಕ ಭಾಳ ಬಿಸಿ ಆತು. ಕಂಪನಿದಕ್ಕಿಂತ ಒಂದss ಮೆಟ್ಟಲ ತಂಪಿಂದು ತಗೊಂಡ ಬಾ. ಒಂದss, ಎರಡಲ್ಲ."

"ಚಾಚಿ, ಇದು ನಿಮಗ ಹೆಂಗ ಗೊತ್ತು?" ಎಂದ ಜಾವೇದ.

"ಮೂವತ್ತ ವರ್ಷ ಇವನ್ನ ತಿಕ್ಕೇನಿ. ನಿಮ್ಮ ಚಾಚಾನ ಮಾರಿಗಿಂತ ಇವನ್ನss ಹೆಚ್ಚ ನೋಡೇನಿ."

ಮುಸ್ತಾಕ ಮಜ್ಜಿಗೆಯ ಗ್ಲಾಸು ನೋಡಿದ, ಕಿಟಕಿ ನೋಡಿದ, ತಂದೆಯ ಮುಖ ನೋಡಿದ. ನಲವತ್ತು ದಿನದ ಆಟ ಅವನಿಗೆ ಒಂದೊಂದಾಗಿ ಬಿಚ್ಚಿಕೊಂಡಿತು. ಮಕ್ತುಮಸಾಬ ಏನೂ ಗೊತ್ತಿಲ್ಲದವನಂತೆ ಉಳಿದ ಮಜ್ಜಿಗೆ ಕುಡಿದು ಮುಗಿಸಿದ.

ಸಂಜೆಯೊಳಗೆ ಜಾವೇದ ಹೊಸ ಪ್ಲಗ್ಗು ಹಾಕಿಕೊಂಡು ಮತ್ತೆ ಏರು ಹತ್ತಿಸಿದ. ಬಿಚ್ಚಿದಾಗ ತುದಿ ಹದವಾದ ಕಂದು ಬಣ್ಣದಲ್ಲಿತ್ತು. ಶುಕ್ರವಾರ ಘಟ್ಟದ ಮೇಲಿನಿಂದ ಫೋನು ಮಾಡಿದವನು ಮಾತಿಗಿಂತ ಹೆಚ್ಚಾಗಿ ಎಂಜಿನ್ನಿನ ಸದ್ದನ್ನೇ ಕೇಳಿಸಿದ.

ಆದರೆ ಮುಸ್ತಾಕ ಆಡಿದ ಮಾತು ಆಡಿದ್ದೇ. ಅಬ್ಬಾ ಆಪರೇಶನ್ ಆಗುವ ತನಕ ಮನೆಯಲ್ಲಿ ಎಂದ. ಹುಸೇನಬಿ ಕೇಳಿದಳು.

"ಅವ್ರು ಒಳಗ ಆದ್ರ, ಪ್ಲಗ್ ಯಾರು ನೋಡತಾರ? ನೀ?"

ಮಗನ ಉತ್ತರಕ್ಕೆ ಅವಳು ಕಾಯಲಿಲ್ಲ. ಸ್ಟೂಲಿನ ಮೇಲಿನ ಗ್ರೀಸು ಒರೆಸಿ, ಸೀರೆ ಸರಿಮಾಡಿಕೊಂಡು ಕೂತುಬಿಟ್ಟಳು. ಗಂಡ ಒಳಗೆ ಬರುವುದನ್ನು ತಪ್ಪಿಸಲಾಗದಿದ್ದರೆ ತಾನಾದರೂ ಹೊರಗೆ ಇರಬಹುದಲ್ಲ.

ಈಗ ಅಡುಗೆ ಕಿಟಕಿಯಲ್ಲಿ ಕಾಣುವುದು ಮಕ್ತುಮಸಾಬನ ಮುಖ. ಯಾಸ್ಮೀನ ಬೆಳಿಗ್ಗೆಯೇ ರೊಟ್ಟಿ ಬಡಿದಿಟ್ಟು ತವರಿನ ನೆಪ ಹೇಳಿ ಪಕ್ಕದ ಗಲ್ಲಿಗೆ ಹೋಗಿಬಿಡುತ್ತಾಳೆ. ಮೊನ್ನೆ ಮಧ್ಯಾಹ್ನ ಆತ ಕಿಟಕಿಯಿಂದ ಬಗ್ಗಿ, ಬ್ಯಾಳಿಗೆ ಅರಿಶಿಣ ಮೊದಲೋ ಉಪ್ಪು ಮೊದಲೋ ಎಂದು ಕೂಗಿ ಕೇಳಿದ. ಎರಡನೇ ಸಲ ಇನ್ನೂ ಜೋರಾಗಿ ಕೇಳಿದ. ಸ್ಟೂಲಿನ ಮೇಲಿನ ಹುಸೇನಬಿ ತಿರುಗಲಿಲ್ಲ. ಕಾರಿನೊಳಗೆ ಕೂತಿದ್ದ ಗಿರಾಕಿಗೆ ಮೆಲ್ಲನೆ ಹೇಳಿದಳು.

"ಎಕ್ಸಲೇಟರ್ ಇನ್ನೊಂದೀಟು ಒತ್ತಪಾ. ನನಗೇನೂ ಕೇಳಿಸಬಾರದು."